ಬೆಸ್ಸಿ ಸ್ಮಿತ್‌ಳನ್ನು ಬಿಳಿಯರ ಆಸ್ಪತ್ರೆ ವಾಪಸ್ ಕಳಿಸಿದ್ದು ನಿಜವಾ?

ತುಂಗಾತೀರದವನು
ಬೆಸ್ಸಿ ಸ್ಮಿತ್ ಹೆಸರು ನನಗೆ ಗೊತ್ತಾಗಿದ್ದು ಹಾಡಿನಿಂದ ಅಲ್ಲ, ಸಾವಿನಿಂದ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಅಮೆರಿಕದ ನಾಟಕಕಾರ ಎಡ್ವರ್ಡ್ ಆಲ್ಬಿ ನಾಟಕದ ಬಗ್ಗೆ ಹೇಳುವಾಗ ಈ ಕಥೆ ಬಂದಿತ್ತು. 1937, ಮಿಸಿಸಿಪಿ ರಾಜ್ಯ, ರಾತ್ರಿ ಕಾರು ಅಪಘಾತ. ಅಮೆರಿಕದ ಅತಿ ದೊಡ್ಡ ಬ್ಲೂಸ್ (ಅಲ್ಲಿನ ಕಪ್ಪು ಜನರ ಹಾಡಿನ ಪ್ರಕಾರ) ಗಾಯಕಿಗೆ ಕೈ ಹೋಗಿದೆ. ಬಿಳಿಯರ ಆಸ್ಪತ್ರೆಯವರು ಕಪ್ಪು ಹೆಂಗಸು ಅಂತ ಸೇರಿಸಿಕೊಳ್ಳಲಿಲ್ಲ, ರಕ್ತ ಹೋಗಿ ಸತ್ತಳು ಅಂತ. ನಾನೂ ಎಷ್ಟೋ ಜನರಿಗೆ ಇದನ್ನೇ ಹೇಳಿದ್ದೇನೆ.

ಮೊನ್ನೆ ಅಕ್ಕನ ಮಗ "ಮಾವ, ಅದೆಲ್ಲ ಕಟ್ಟುಕಥೆ" ಅಂದ. ಅವನು ಗಿಟಾರ್ ನುಡಿಸುತ್ತಾನೆ, ಹಾಗಾಗಿ ಎಲ್ಲಾ ಗೊತ್ತು ಅನ್ನೋ ಹಾಗೆ ಆಡುತ್ತಾನೆ. ಇಲ್ಲಿ ತಿಳಿದವರು ಇದ್ದೀರಿ. ನಿಜ ಯಾವುದು?

ಇನ್ನೊಂದು. ಕೇಳೋಣ ಅಂತ ಕೂತರೆ ಮೊದಲ ಹಾಡಿನಲ್ಲೇ ಬರೀ ಕರಕರ ಸದ್ದು. ಎಲ್ಲಿಂದ ಶುರು ಮಾಡಬೇಕು?

ಆರುತಂತಿ
ಅಕ್ಕನ ಮಗನಿಗೆ ಒಂದು ಕಾಫಿ ಕೊಡಿಸಿ. ಅವನು ಹೇಳಿದ್ದು ಸರಿ.

ಸಂಜೆಕಾಫಿ
ಬೆಂಕಿ ಇಲ್ಲದೆ ಹೊಗೆ ಆಡುತ್ತಾ ಸಾರ್? 1937ರ ಮಿಸಿಸಿಪಿ. ಅಲ್ಲಿ ಕಪ್ಪು ಜನರಿಗೆ ಬಸ್ಸು ಬೇರೆ, ನಲ್ಲಿ ಬೇರೆ, ಶಾಲೆ ಬೇರೆ. ಆಸ್ಪತ್ರೆ ಮಾತ್ರ ಬಾಗಿಲು ತೆಗೆದು ಬನ್ನಿ ಬನ್ನಿ ಅಂತಿತ್ತಾ?

ಹಳೇತಟ್ಟೆ
ಯಾರೂ ಹಾಗಂದಿಲ್ಲ. ಮೊದಲು ಆ ರಾತ್ರಿ ಏನಾಯಿತು ನೋಡೋಣ, ಆಮೇಲೆ ಜಗಳ.

ಸೆಪ್ಟೆಂಬರ್ 26, ಬೆಳಗಿನ ಜಾವ. ಮೆಂಫಿಸ್‌ನಿಂದ ಕ್ಲಾರ್ಕ್ಸ್‌ಡೇಲ್ ಕಡೆ ಹೋಗುವ 61ನೇ ಹೆದ್ದಾರಿ. ಕಾರು ಓಡಿಸುತ್ತಿದ್ದವನು ರಿಚರ್ಡ್ ಮಾರ್ಗನ್, ಆಕೆಯ ಕೊನೆಯ ವರ್ಷಗಳ ಸಂಗಾತಿ. ಮುಂದೆ ಒಂದು ಲಾರಿ ನಿಧಾನವಾಗಿ ಹೋಗುತ್ತಿತ್ತು. ಕತ್ತಲಲ್ಲಿ ಅಂದಾಜು ತಪ್ಪಿ ಅದರ ಹಿಂಭಾಗಕ್ಕೆ ಗುದ್ದಿದ. ಪೆಟ್ಟೆಲ್ಲ ಬೆಸ್ಸಿ ಕೂತಿದ್ದ ಕಡೆಗೇ ಬಿತ್ತು. ಬಲಗೈ ಮೊಣಕೈ ಹತ್ತಿರ ಹೆಚ್ಚುಕಡಿಮೆ ಕಿತ್ತೇ ಹೋಗಿತ್ತು.

ಆಮೇಲೆ ಅದೇ ದಾರಿಯಲ್ಲಿ ಮೀನು ಹಿಡಿಯಲು ಹೊರಟಿದ್ದ ಹ್ಯೂ ಸ್ಮಿತ್ ಅನ್ನೋ ಮೆಂಫಿಸ್ ಸರ್ಜನ್ ಬಂದರು. ಬಿಳಿಯರೇ. ಗಾಡಿ ನಿಲ್ಲಿಸಿ ರಸ್ತೆ ಮೇಲೇ ಆರೈಕೆ ಮಾಡಿದರು. ಜೊತೆಗಿದ್ದ ಗೆಳೆಯ ಹತ್ತಿರದ ಮನೆ ಹುಡುಕಿ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೋದರು. ಆಂಬುಲೆನ್ಸ್ ಬರುವುದರೊಳಗೆ ಇನ್ನೊಂದು ಕಾರು ಜೋರಾಗಿ ಬಂದು ಡಾಕ್ಟರ ಕಾರಿಗೇ ಗುದ್ದಿತು. ಅದರಲ್ಲಿದ್ದ ಬಿಳಿಯ ಜೋಡಿಗೂ ಗಾಯ.

ಬೆಸ್ಸಿಯನ್ನು ನೇರವಾಗಿ ಕ್ಲಾರ್ಕ್ಸ್‌ಡೇಲ್‌ನ ಜಿ.ಟಿ. ಥಾಮಸ್ ಆಸ್ಪತ್ರೆಗೆ ಒಯ್ದರು. ಅದು ಕಪ್ಪು ಜನರ ಆಸ್ಪತ್ರೆ. ಅಲ್ಲಿ ಕೈ ತೆಗೆದರು. ಅಷ್ಟಾದರೂ ಉಳಿಯಲಿಲ್ಲ, ಅವತ್ತೇ ಹೋಗಿಬಿಟ್ಟರು. ನಡುವೆ ಬೇರೆ ಯಾವ ಆಸ್ಪತ್ರೆಯ ಬಾಗಿಲನ್ನೂ ತಟ್ಟಿರಲಿಲ್ಲ.

ಕಡಲಮೀನು
ಹಾಗಾದ್ರೆ ಈ ಕಥೆ ಹಬ್ಬಿಸಿದ್ದು ಯಾರು ಮಾರಾಯ್ರೆ? ಸುಮ್ನೆ ಗಾಳಿಯಲ್ಲಿ ಹುಟ್ಟಿತಾ?

ಹಳೇತಟ್ಟೆ
ಜಾನ್ ಹ್ಯಾಮಂಡ್. ಬೆಸ್ಸಿಯ ಕೊನೆಯ ರೆಕಾರ್ಡಿಂಗ್ ಮಾಡಿಸಿದ ಮನುಷ್ಯ, ಆಕೆಯ ದೊಡ್ಡ ಅಭಿಮಾನಿ. ಕೆಟ್ಟವರಲ್ಲ. ಡೌನ್ ಬೀಟ್ ಪತ್ರಿಕೆಯ 1937ರ ನವೆಂಬರ್ ಸಂಚಿಕೆಯಲ್ಲಿ ಬರೆದರು. ಶೀರ್ಷಿಕೆಯೇ ಒಂದು ಪ್ರಶ್ನೆ: ಬೆಸ್ಸಿ ಸ್ಮಿತ್ ಚಿಕಿತ್ಸೆಗೆ ಕಾಯುತ್ತಾ ರಕ್ತ ಹೋಗಿ ಸತ್ತಳೇ? ಯಾರೋ ವಾದ್ಯಗಾರರು ಹೇಳಿದ್ದನ್ನು ಕೇಳಿ ಬರೆದದ್ದು. ಕೇಳಿದ ಮಾತು ಅಂತ ಆಮೇಲೆ ಅವರೇ ಒಪ್ಪಿದರು.

ಆದರೆ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗಲು ಎಷ್ಟು ಹೊತ್ತು ಬೇಕು ಹೇಳಿ? ಇಪ್ಪತ್ತು ವರ್ಷ ಕಳೆದ ಮೇಲೆ ಆಲ್ಬಿ ಅದರ ಮೇಲೆ ನಾಟಕ ಬರೆದರು, 1960ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಆಯಿತು. ನಾಟಕದಲ್ಲಿ ಬೆಸ್ಸಿ ರಂಗದ ಮೇಲೆ ಬರುವುದೇ ಇಲ್ಲ. ಅಲ್ಲಿಂದ ನಿಮ್ಮ ಮೇಷ್ಟ್ರ ಕ್ಲಾಸಿಗೆ ಬಂತು. ಕ್ರಿಸ್ ಆಲ್ಬರ್ಟ್‌ಸನ್ 1972ರಲ್ಲಿ ಬೆಸ್ಸಿಯ ಜೀವನಚರಿತ್ರೆ ತಂದಾಗ ಆ ಡಾಕ್ಟರನ್ನೇ ಮಾತಾಡಿಸಿ ಇದನ್ನು ಬಿಡಿಸಿ ಬರೆದರು.

ಸಂಜೆಕಾಫಿ
ಸರಿ, ವಾಪಸ್ ಕಳಿಸಲಿಲ್ಲ. ಒಪ್ಪಿದೆ. ಆದರೆ ಯಾಕೆ ಕಳಿಸಲಿಲ್ಲ ಅಂತ ಯೋಚನೆ ಮಾಡಿ. ಕರೆದುಕೊಂಡೇ ಹೋಗಲಿಲ್ಲವಲ್ಲ! ಒಂದೇ ಊರಿನಲ್ಲಿ ಬಿಳಿಯರಿಗೆ ಒಂದು ಆಸ್ಪತ್ರೆ, ಕಪ್ಪು ಜನರಿಗೆ ಒಂದು ಆಸ್ಪತ್ರೆ. ಇದು ನಿಮಗೆ ಸಮಾಧಾನದ ವಿಷಯವಾ?

ಹಳೇತಟ್ಟೆ
ಸಮಾಧಾನ ಅಂತ ಎಲ್ಲಿ ಹೇಳಿದೆ? ಆ ಡಾಕ್ಟರೇ ನೀವು ಹೇಳಿದ್ದನ್ನೇ ಹೇಳಿದ್ದಾರೆ. ಹತ್ತಿ ಬೆಳೆಯುವ ಆ ಸೀಮೆಯಲ್ಲಿ ಕಪ್ಪು ಡ್ರೈವರಾಗಲಿ ಬಿಳಿ ಡ್ರೈವರಾಗಲಿ, ಕಪ್ಪು ರೋಗಿಯನ್ನು ಬಿಳಿಯರ ಆಸ್ಪತ್ರೆಗೆ ಒಯ್ಯುವ ಯೋಚನೆಯನ್ನೇ ಮಾಡುತ್ತಿರಲಿಲ್ಲ ಅಂತ. ನನಗೆ ಕೇಳಿದರೆ ಇದು ಕಟ್ಟುಕಥೆಗಿಂತ ಭಯಂಕರ. ಕಟ್ಟುಕಥೆಯಲ್ಲಿ ಬಾಗಿಲು ಮುಚ್ಚಿದ ಒಬ್ಬ ಕೆಟ್ಟವನಿದ್ದಾನೆ. ನಿಜದಲ್ಲಿ ಯಾರೂ ಬೇಕಾಗಿರಲಿಲ್ಲ, ಎಲ್ಲರಿಗೂ ದಾರಿ ಮೊದಲೇ ಗೊತ್ತಿತ್ತು.

ಸಂಜೆಕಾಫಿ
ಈಗ ದಾರಿಗೆ ಬಂದಿರಿ.

ಜೋಳದರೊಟ್ಟಿ
ನೀವಿಬ್ಬರೂ ಸೇರಿ ಮತ್ತೆ ಆ ರಸ್ತೆ ಮೇಲೇ ನಿಂತುಬಿಟ್ಟಿರಲ್ಲ ರೀ! ನನ್ನ ತಕರಾರು ಬೇರೆ. ಆ ಹೆಣ್ಣುಮಗಳು ನಲವತ್ತು ಚಿಲ್ಲರೆ ವರ್ಷ ಬದುಕಿದಳು. ನೂರಾ ಅರವತ್ತರ ಹತ್ತಿರ ಹಾಡು ರೆಕಾರ್ಡ್ ಮಾಡಿದಳು. ಆಕೆ ಹೆಸರು ತೆಗೆದರೆ ಸಾಕು, ಎಲ್ಲರೂ ಆಂಬುಲೆನ್ಸ್ ಎತ್ತಿಕೊಂಡು ಬರುತ್ತಾರೆ. ಹೀಗಾಗಿ ಬೆಸ್ಸಿ ಅಂದರೆ ಪಾಪದ ಹೆಂಗಸು ಅಂತ ಆಗಿಬಿಟ್ಟಿದೆ. ಆಕೆ ಪಾಪದವಳು ಅಲ್ಲವೇ ಅಲ್ಲ.

1927ರ ಜುಲೈ. ಉತ್ತರ ಕ್ಯಾರೊಲೈನಾದ ಕಾನ್ಕಾರ್ಡ್ ಊರಲ್ಲಿ ಟೆಂಟ್ ಹಾಕಿ ಶೋ ನಡೀತಿತ್ತು. ಹೊರಗೆ ಕಪ್ಪು ಜನರನ್ನು ಹೆದರಿಸಿ ಹಿಂಸಿಸುವ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರು ಬಿಳಿ ಮುಸುಕು ಹಾಕಿಕೊಂಡು ಬಂದು ಟೆಂಟಿನ ಗೂಟ ಕೀಳೋಕೆ ಶುರು ಮಾಡಿದರು. ಗೂಟ ಕಿತ್ತರೆ ಟೆಂಟು ಜನರ ಮೇಲೇ ಬೀಳುತ್ತಿತ್ತು. ಬೆಸ್ಸಿಗೆ ಸುದ್ದಿ ಮುಟ್ಟಿತು. ತಂಡದ ಹುಡುಗರನ್ನು ಕರೆದುಕೊಂಡು ಹೊರಟಳು. ಮುಸುಕು ನೋಡಿದ ಕೂಡಲೇ ಹುಡುಗರು ಪರಾರಿ. ಆಕೆ ಒಬ್ಬಳೇ ಹತ್ತಿರ ಹೋಗಿ, ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದು ಕೈ ಮುಷ್ಟಿ ಆಡಿಸುತ್ತಾ, ಟೆಂಟಲ್ಲಿರೋ ಇಡೀ ಜನಾನ ಹೊರಗೆ ಕರೀತೀನಿ ನೋಡಿ ಅಂತ ಬೈದಳು. ಅವರು ಸುಮ್ನೆ ಕತ್ತಲೊಳಗೆ ಜಾರಿಕೊಂಡರು. ಆಕೆ ತಿರುಗಿ ಬಂದು ಓಡಿಹೋದ ಹುಡುಗರಿಗೆ ಮಂಗಳಾರತಿ ಮಾಡಿ, ಮತ್ತೆ ಸ್ಟೇಜ್ ಹತ್ತಿ ಹಾಡಿದಳು.

ಇದನ್ನು ಯಾವ ಮೇಷ್ಟ್ರು ಕ್ಲಾಸಲ್ಲಿ ಹೇಳ್ತಾರೆ?

ಮೂರನೇಬೆಂಚು
ಓಡಿಹೋದ ಹುಡುಗರ ಪೈಕಿ ನಾನೂ ಇರುತ್ತಿದ್ದೆ.

ತುಂಗಾತೀರದವನು
ನಮ್ಮ ಮೇಷ್ಟ್ರನ್ನು ಬಿಟ್ಟುಬಿಡಿ, ಒಳ್ಳೆಯವರು. ಇದು ನಿಜವಾಗಿ ನಡೆದದ್ದಾ, ಅಥವಾ ಇದೂ ಇನ್ನೊಂದು ದಂತಕಥೆಯಾ? ಒಂದನ್ನು ಒಡೆದು ಇನ್ನೊಂದನ್ನು ಕೊಡುತ್ತಿಲ್ಲ ತಾನೆ?

ಹಳೇತಟ್ಟೆ
ಒಳ್ಳೆ ಪ್ರಶ್ನೆ. ಇದು ಆಕೆಯ ತಂಡದಲ್ಲೇ ಇದ್ದವರು ಆಲ್ಬರ್ಟ್‌ಸನ್‌ಗೆ ಹೇಳಿದ್ದು. ನೋಡಿದವರ ಬಾಯಿಯಿಂದ ಬಂದದ್ದು. ಆಸ್ಪತ್ರೆ ಕಥೆ ಹೇಳಿದವರು ಯಾರೂ ಅಲ್ಲಿ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ದಂತಕಥೆ ಬೇಕಿದ್ದರೆ ಇನ್ನೊಂದಿದೆ. ಹಿರಿಯ ಬ್ಲೂಸ್ ಗಾಯಕಿ ಮಾ ರೇನಿ ಚಿಕ್ಕ ಬೆಸ್ಸಿಯನ್ನು ಎತ್ತಿಕೊಂಡು ಹೋಗಿ ಬಲವಂತವಾಗಿ ಬ್ಲೂಸ್ ಕಲಿಸಿದಳು ಅಂತ. ಪೂರ್ತಿ ಸುಳ್ಳು. ಬೆಸ್ಸಿ ಹುಟ್ಟಿದ್ದು ಟೆನೆಸಿಯ ಚಟನೂಗ ಊರಲ್ಲಿ. 1894ರ ಏಪ್ರಿಲ್ 15 ಅಂತ ಬರೆದುಕೊಂಡಿದ್ದರು, ಜನಗಣತಿಯಲ್ಲಿ 1892 ಅಂತಿದೆ. ಒಂಬತ್ತು ವರ್ಷ ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಅಕ್ಕ ವಯೋಲಾ ಬಟ್ಟೆ ಒಗೆದು ಮನೆ ನಡೆಸಿದಳು. ಸೋದರ ಆಂಡ್ರೂ ಗಿಟಾರ್ ಹಿಡಿದು ಬೀದಿಯಲ್ಲಿ ನಿಂತರೆ ಇವಳು ಹಾಡಿ ಕುಣಿದು ಚಿಲ್ಲರೆ ಎತ್ತುತ್ತಿದ್ದಳು. 1912ರಲ್ಲಿ ಅಣ್ಣ ಕ್ಲಾರೆನ್ಸ್ ತಾನಿದ್ದ ಪ್ರದರ್ಶನ ತಂಡಕ್ಕೆ ಸೇರಿಸಿದ. ಅದೂ ನರ್ತಕಿಯಾಗಿ! ಯಾಕೆಂದರೆ ಆ ತಂಡದಲ್ಲಿ ಗಾಯಕಿ ಆಗಲೇ ಇದ್ದಳು. ಅವಳೇ ಮಾ ರೇನಿ.

ಆರುತಂತಿ
ಈಗ ನನ್ನ ಸರದಿ. ಕೇಳೋದು ಎಲ್ಲಿಂದ ಅಂದಿರಲ್ಲ.

1923ರ ಹಾಡುಗಳಿಂದ ಶುರು ಮಾಡಬೇಡಿ. ಆಗ ಮೈಕ್ ಇರಲಿಲ್ಲ. ದೊಡ್ಡ ತಗಡಿನ ಕೊಂಬಿನ ಮುಂದೆ ನಿಂತು ಹಾಡಬೇಕಿತ್ತು, ಸದ್ದಿನ ಒತ್ತಡಕ್ಕೇ ಸೂಜಿ ಅಲುಗಾಡಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಬೆಸ್ಸಿಯ ರೆಕಾರ್ಡ್ ತರುತ್ತಿದ್ದ ಕೊಲಂಬಿಯಾ ಕಂಪನಿ ವಿದ್ಯುತ್ ರೆಕಾರ್ಡಿಂಗ್‌ಗೆ ಬಂದದ್ದು 1925ರಲ್ಲಿ. ಅದರ ಆಚೆಗಿನವು ಕಿವಿಗೆ ಹತ್ತಿರ.

ಮೊದಲು "ಬ್ಯಾಕ್ ವಾಟರ್ ಬ್ಲೂಸ್" ಹಾಕಿ. ಇಡೀ ಹಾಡಿಗೆ ಇಬ್ಬರೇ. ಬೆಸ್ಸಿ, ಮತ್ತು ಪಿಯಾನೋದಲ್ಲಿ ಜೇಮ್ಸ್ ಪಿ. ಜಾನ್ಸನ್. ನೆರೆ ಬಂದು ಮನೆ ಕಳೆದುಕೊಂಡ ಹೆಂಗಸಿನ ಹಾಡು. ಜಾನ್ಸನ್ ಎಡಗೈ ಕೇಳಿ, ಗುಡುಗು ಮತ್ತು ನೀರು ಎರಡೂ ಅಲ್ಲೇ ಉರುಳುತ್ತವೆ. ಬೆಸ್ಸಿ ಮಾತ್ರ ಅಳುವುದಿಲ್ಲ. ಪಕ್ಕದ ಮನೆಯವರಿಗೆ ಸುದ್ದಿ ಹೇಳುವ ಹಾಗೆ ಹಾಡುತ್ತಾಳೆ.

ಆಮೇಲೆ ನಿಯಮ ಮುರಿದು ಒಂದು ಹಳೇ ಕೊಂಬಿನ ರೆಕಾರ್ಡ್: "ಸೇಂಟ್ ಲೂಯಿಸ್ ಬ್ಲೂಸ್", 1925ರ ಜನವರಿ 14. ಡಬ್ಲ್ಯು.ಸಿ. ಹ್ಯಾಂಡಿ ಬರೆದ ಹಾಡು. ಕಾರ್ನೆಟ್ (ತುತ್ತೂರಿ ಥರದ ವಾದ್ಯ) ನುಡಿಸಿದ್ದು ಲೂಯಿ ಆರ್ಮ್‌ಸ್ಟ್ರಾಂಗ್, ಆಗ ಇನ್ನೂ 23ರ ಹುಡುಗ. ಮಜಾ ಏನಂದ್ರೆ, ಪಿಯಾನೋ ಇಲ್ಲ. ಫ್ರೆಡ್ ಲಾಂಗ್‌ಶಾ ಹಾರ್ಮೋನಿಯಂ ನುಡಿಸಿದ್ದಾರೆ! ನಮ್ಮ ಪೆಟ್ಟಿಗೆ ಅಲ್ಲ, ಕಾಲಲ್ಲಿ ತುಳಿಯುವ ದೊಡ್ಡದು, ಚರ್ಚಿನಲ್ಲಿ ಇರುತ್ತಲ್ಲ ಅದು. ಅದರ ಉದ್ದನೆ ಸ್ವರದ ಮೇಲೆ ಬೆಸ್ಸಿ ಒಂದು ಸಾಲು ಹಾಡಿ ಬಿಡುತ್ತಾಳೆ. ಬಿಟ್ಟ ಜಾಗದಲ್ಲಿ ಕಾರ್ನೆಟ್ ಉತ್ತರ ಕೊಡುತ್ತೆ. ಮತ್ತೆ ಒಂದು ಸಾಲು, ಮತ್ತೆ ಉತ್ತರ. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವುದಿಲ್ಲ. ಮೂರು ನಿಮಿಷ ಚಿಲ್ಲರೆ, ಅಷ್ಟೇ.

ಕಡಲಮೀನು
ಈ ಬ್ಯಾಕ್ ವಾಟರ್ ಮಿಸಿಸಿಪಿ ನದಿಯ 1927ರ ದೊಡ್ಡ ನೆರೆ ಬಗ್ಗೆ ಅಲ್ವಾ? ಲಕ್ಷಾಂತರ ಜನ ಮನೆ ಬಿಟ್ಟದ್ದು?

ಆರುತಂತಿ
ಎಲ್ಲರೂ ಹಾಗೇ ಅಂದುಕೊಂಡರು, ಅದಕ್ಕೇ ಆ ರೆಕಾರ್ಡ್ ಅಷ್ಟು ಓಡಿತು. ದಿನಾಂಕ ನೋಡಿ. ಹಾಡು ರೆಕಾರ್ಡ್ ಆಗಿದ್ದು ಫೆಬ್ರವರಿ 17. ಮಿಸಿಸಿಪಿಯ ದೊಡ್ಡ ಒಡ್ಡು ಒಡೆದದ್ದು ಏಪ್ರಿಲ್ 21. ಬೆಸ್ಸಿ ಹಾಡಿದ್ದು 1926ರ ಕ್ರಿಸ್‌ಮಸ್ ಹೊತ್ತಿಗೆ ನ್ಯಾಶ್‌ವಿಲ್‌ನಲ್ಲಿ ಕಂಬರ್‌ಲ್ಯಾಂಡ್ ನದಿ ಉಕ್ಕಿದ್ದರ ಬಗ್ಗೆ. ಆ ಸಮಯಕ್ಕೆ ಊರೂರು ತಿರುಗುತ್ತಾ ಆಕೆ ಅಲ್ಲಿಗೆ ಹೋಗಿದ್ದಳು.

"ನೋಬಡಿ ನೋಸ್ ಯು ವೆನ್ ಯು ಆರ್ ಡೌನ್ ಅಂಡ್ ಔಟ್" ಕೂಡ ಹಾಗೇ. ದುಡ್ಡಿದ್ದಾಗ ಎಲ್ಲರೂ ನೆಂಟರು, ಇಲ್ಲದಾಗ ಯಾರೂ ಇಲ್ಲ ಅನ್ನೋ ಹಾಡು. 1929ರ ಮೇ ತಿಂಗಳಲ್ಲಿ ಹಾಡಿದ್ದು. ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಜನ ಅದನ್ನು ಕುಸಿತದ ಹಾಡು ಅಂದರು.

ಮೂರನೇಬೆಂಚು
ಆಕೆ ಹಾಡೋದು, ಆಮೇಲೆ ಅದು ಆಗೋದು. ನಮ್ಮೂರ ಜ್ಯೋತಿಷಿಗಿಂತ ವಾಸಿ.

ಗಮಕಪ್ರಿಯೆ
ನಾನು ಕರ್ನಾಟಕ ಸಂಗೀತ ಕಲಿತವಳು. ಮೊದಲ ಸಲ ಕೇಳಿದಾಗ ಇವರು ಯಾಕೆ ಒಂದೇ ಸಾಲನ್ನು ಎರಡೆರಡು ಸಲ ಹಾಡುತ್ತಾರೆ, ಇಷ್ಟು ಚಿಕ್ಕ ಜಾಗದಲ್ಲೇ ಯಾಕೆ ಓಡಾಡುತ್ತಾರೆ ಅನ್ನಿಸಿತ್ತು. ಆರೋಹಣ ಇಲ್ಲ, ತಾರಸ್ಥಾಯಿ ಇಲ್ಲ. ಆಮೇಲೆ ಗಾಂಧಾರದ ಮೇಲೆ ಕಿವಿ ಇಟ್ಟು ಕೇಳಿದೆ. ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ನಡುವೆ ಎಲ್ಲೋ ಜಾರುತ್ತಾ ಇರುತ್ತೆ. ನಿಷಾದವೂ ಅಷ್ಟೇ. ಹಾರ್ಮೋನಿಯಂನಲ್ಲಿ ಹುಡುಕಿದರೆ ಆ ಮನೆ ಸಿಗಲ್ಲ.

ಆರುತಂತಿ
ಅದೇ ಬ್ಲೂ ನೋಟ್ ಮೇಡಂ. ಎರಡು ಸಲ ಹಾಡುವುದಕ್ಕೂ ಲೆಕ್ಕ ಇದೆ. ಹನ್ನೆರಡು ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಮೂರು ಸಾಲು, ಸಾಲಿಗೆ ನಾಲ್ಕು ಬಾರ್. ಮೊದಲ ಸಾಲಲ್ಲಿ ಕಷ್ಟ ಹೇಳು. ಎರಡನೇ ಸಲ ಅದನ್ನೇ ಹೇಳು, ಆದರೆ ಸ್ವಲ್ಪ ಬೇರೆ ಥರ. ಮೂರನೆಯದು ಉತ್ತರ, ಅಥವಾ ಕುಟುಕು. ಪ್ರತಿ ಸಾಲೂ ನಾಲ್ಕು ಬಾರ್ ತುಂಬುವ ಮೊದಲೇ ಮುಗಿಯುತ್ತೆ. ಉಳಿದ ಜಾಗ ವಾದ್ಯದವರದು.

ಬೆಸ್ಸಿಯ ಕರಾಮತ್ತು ಎರಡನೇ ಸಾಲಿನಲ್ಲಿದೆ. ಒಮ್ಮೆ ಪದದ ನಡುವೆ ಉಸಿರು ತಗೊಳ್ತಾಳೆ. ಒಮ್ಮೆ ಕೊನೆಯ ಪದವನ್ನು ಅರ್ಧಕ್ಕೇ ನುಂಗ್ತಾಳೆ. ತಾಳಕ್ಕಿಂತ ಒಂದು ಕೂದಲಷ್ಟು ಹಿಂದೆ ಬರ್ತಾಳೆ. ಮೈಕ್ ಇಲ್ಲದೆ ಥಿಯೇಟರಿನ ಕೊನೆ ಸಾಲಿಗೆ ಕೇಳಿಸುವಂಥ ಗಂಟಲು ಬೇರೆ.

ಸ್ವರಪಂಡಿತ
ನಮ್ಮ ರಾಗಗಳೇ ಅಲ್ಲಿಗೆ ಹೋಗಿರಬೇಕು. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು.

ಗಮಕಪ್ರಿಯೆ
ದಯವಿಟ್ಟು ಬೇಡಿ ಸಾರ್. ಇದು ಆಫ್ರಿಕಾದಿಂದ ಹೊತ್ತು ತಂದು ಹತ್ತಿ ಹೊಲದಲ್ಲಿ ದುಡಿಸಿದ ಜನರ ಮಕ್ಕಳ ಸಂಗೀತ. ಹೊಲದ ಕೂಗು, ಚರ್ಚಿನ ಹಾಡು, ಟೆಂಟ್ ನಾಟಕ ಎಲ್ಲ ಸೇರಿ ಆಗಿದ್ದು. ಅವರ ಮೂಲಕ್ಕೂ ನಾವೇ ಪಾಲು ಕೇಳಬೇಕಾ? ನನ್ನ ಕಿವಿಗೆ ಗೊತ್ತಿರೋ ಹೆಸರಲ್ಲಿ ಹೇಳಿದೆ, ಅಷ್ಟೇ.

ಜೋಳದರೊಟ್ಟಿ
ಭೇಷ್ ಅಕ್ಕಾ.

ರೊಕ್ಕದಲೆಕ್ಕ
ನಾನು ದುಡ್ಡಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಯಾರೂ ಬರಲ್ಲ. 1920ರಲ್ಲಿ ಮೇಮಿ ಸ್ಮಿತ್ ಅನ್ನೋ ಗಾಯಕಿ (ಬೆಸ್ಸಿಗೆ ನೆಂಟಸ್ತಿಕೆ ಏನಿಲ್ಲ) "ಕ್ರೇಜಿ ಬ್ಲೂಸ್" ಹಾಡಿದಳು. ಅದು ಭರ್ಜರಿ ಮಾರಾಟ ಆಯಿತು. ಕಪ್ಪು ಜನರೂ ದುಡ್ಡು ಕೊಟ್ಟು ರೆಕಾರ್ಡ್ ತಗೊಳ್ತಾರೆ ಅಂತ ಕಂಪನಿಗಳಿಗೆ ಆಗ ಜ್ಞಾನೋದಯ. ರೇಸ್ ರೆಕಾರ್ಡ್ಸ್ ಅಂತ ಬೇರೆಯೇ ವಿಭಾಗ ತೆಗೆದರು. ಹಾಗೆ 1923ರ ಫೆಬ್ರವರಿಯಲ್ಲಿ ಕೊಲಂಬಿಯಾದ ಫ್ರ್ಯಾಂಕ್ ವಾಕರ್ ಬೆಸ್ಸಿಯನ್ನು ಕರೆಸಿದರು. "ಡೌನ್ ಹಾರ್ಟೆಡ್ ಬ್ಲೂಸ್" ಆರು ತಿಂಗಳಲ್ಲಿ 7,80,000 ಪ್ರತಿ ಮಾರಿತು ಅಂತ ಹೇಳುತ್ತಾರೆ. ಕೊಲಂಬಿಯಾ ಆಗ ಸಾಲದಲ್ಲಿ ಮುಳುಗಿದ್ದ ಕಂಪನಿ ಅನ್ನೋದು ನೆನಪಿರಲಿ.

ಬೆಸ್ಸಿಗೆ ಎಷ್ಟು ಬಂತು? ಒಪ್ಪಿಗೆಯಾದ ಒಂದು ಹಾಡಿಗೆ 125 ಡಾಲರ್. ಅದರಲ್ಲೂ ಮೊದಲು ಪಿಯಾನೋದವನು ಕ್ಲಾರೆನ್ಸ್ ವಿಲಿಯಮ್ಸ್ ಅರ್ಧ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬೆಸ್ಸಿ ಮತ್ತು ಗಂಡ ಜ್ಯಾಕ್ ಗೀ ಅವನ ಆಫೀಸಿಗೇ ನುಗ್ಗಿ ಬಿಡಿಸಿಕೊಂಡರು. ಆಮೇಲೆ ನೇರ ಕೊಲಂಬಿಯಾ ಜೊತೆ ಒಪ್ಪಂದ, ರೇಟೂ ಜಾಸ್ತಿ ಆಯಿತು. ಆದರೆ ರಾಯಲ್ಟಿ? ಸೊನ್ನೆ. ಮಾರಾಟ ಸಾವಿರವಾದರೂ ಲಕ್ಷವಾದರೂ ಆಕೆಗೆ ಅಷ್ಟೇ.

ಸ್ವರಪಂಡಿತ
ಆ ಕಾಲದಲ್ಲಿ 125 ಡಾಲರ್ ಸಣ್ಣದಲ್ಲ.

ರೊಕ್ಕದಲೆಕ್ಕ
ಸಣ್ಣದಲ್ಲ, ಒಪ್ಪಿದೆ. ಸ್ಟೇಜ್ ಶೋದಲ್ಲಿ ವಾರಕ್ಕೆ 2,000 ಡಾಲರ್‌ವರೆಗೂ ದುಡಿದಿದ್ದಾಳೆ. ಕಪ್ಪು ಕಲಾವಿದರಲ್ಲಿ ಆಗ ಅತಿ ಹೆಚ್ಚು ಸಂಭಾವನೆ ಆಕೆಯದ್ದೇ. ತನ್ನದೇ ರೈಲು ಬೋಗಿ ಮಾಡಿಸಿಕೊಂಡಿದ್ದಳು. ಶೋಕಿಗೆ ಅಂದುಕೊಳ್ಳಬೇಡಿ. ದಕ್ಷಿಣದ ಹೋಟೆಲ್‌ಗಳಲ್ಲಿ ಆಕೆಗೂ ತಂಡಕ್ಕೂ ರೂಮು ಕೊಡುತ್ತಿರಲಿಲ್ಲ. ಇಡೀ ತಂಡ ಬೋಗಿಯಲ್ಲೇ ಮಲಗಿ ಬೋಗಿಯಲ್ಲೇ ಉಣ್ಣುತ್ತಿತ್ತು.

ಆದರೆ ಲೆಕ್ಕ ಹಾಕಿ. ಆಮೇಲೆ ಎಷ್ಟು ಸಲ ಆ ಹಾಡುಗಳು ಎಲ್ಪಿ ಆದವು, ಸಿಡಿ ಆದವು? ಕುಟುಂಬದ ಕಡೆಯವರು ಕೋರ್ಟಿಗೆ ಹೋದರು. 1979ರಲ್ಲಿ ಫಿಲಡೆಲ್ಫಿಯಾ ಫೆಡರಲ್ ಕೋರ್ಟು ತುಂಬಾ ತಡವಾಯಿತು ಅಂತ ವಾಪಸ್ ಕಳಿಸಿತು. ವಾಪಸ್ ಕಳಿಸಿದ್ದು ಯಾರು ಅಂತ ಕೇಳ್ತಿದ್ದಿರಲ್ಲ, ಇಲ್ಲಿ ಸಿಕ್ಕಿತು ನೋಡಿ.

ಸಂಜೆಕಾಫಿ
ಇದು ಗೊತ್ತಿರಲಿಲ್ಲ. ಹೊಟ್ಟೆ ಉರಿಯುತ್ತೆ.

ಅರಮನೆಬೀದಿ
ಸ್ವಲ್ಪ ದಾರಿ ತಪ್ಪಿಸುತ್ತೇನೆ. ಇದೇ ಥರ ರೆಕಾರ್ಡ್ ಕಾಲದ ಮೊದಲ ತಾರೆ ನಮ್ಮಲ್ಲಿ ಗೌಹರ್ ಜಾನ್. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್‌ಗೆ ಹಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಅವರೂ ರಾಣಿಯ ಹಾಗೆ ಬದುಕಿ, ಕೊನೆಗೆ ಕೈ ಖಾಲಿಯಾಗಿ 1928ರಲ್ಲಿ ಮೈಸೂರಿಗೆ ಬಂದರು. ನಾಲ್ವಡಿಯವರು ಆಸ್ಥಾನ ವಿದುಷಿಯಾಗಿ ಇಟ್ಟುಕೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೈಸೂರಿನ ಎಷ್ಟು ಜನಕ್ಕೆ ಗೊತ್ತು?

ಹಳೇತಟ್ಟೆ
ನನಗೆ ಗೊತ್ತು. ಆದರೆ ಒಂದು ಫರಕು ಇದೆ. ಗೌಹರ್‌ಗೆ ಕೊನೆಗೆ ಒಂದು ಅರಮನೆ ಇತ್ತು. ಬೆಸ್ಸಿಗೆ ಆಸರೆ ಅಂತ ಇದ್ದದ್ದು ಟಿಕೆಟ್ ಕೊಳ್ಳುವ ಜನ ಮಾತ್ರ. ಅವರ ಕೈಯಲ್ಲೇ ದುಡ್ಡಿಲ್ಲದಾಗ ಮುಗೀತು. 1931ರಲ್ಲಿ ಕೊಲಂಬಿಯಾ ಕೈಬಿಟ್ಟಿತು. 1933ರ ನವೆಂಬರ್ 24ರಂದು ಹ್ಯಾಮಂಡ್ ಕರೆಸಿ ನಾಲ್ಕು ಹಾಡು ಹಾಡಿಸಿದಾಗ ಸಿಕ್ಕಿದ್ದು ಹಾಡಿಗೆ 37.50 ಡಾಲರ್. ಆ ನಾಲ್ಕನ್ನೂ ಕೇಳಿ. ಸೋತ ಗಾಯಕಿಯ ಧ್ವನಿ ಅಲ್ಲ ಅದು. "ಗಿಮ್ಮಿ ಎ ಪಿಗ್‌ಫುಟ್" ಅಂತೂ ಪಾರ್ಟಿ ಹಾಡು, ಕುಣಿಸುತ್ತೆ. ಅದಾಗಿ ಮೂರೇ ದಿನಕ್ಕೆ ಅದೇ ಹ್ಯಾಮಂಡ್ 18ರ ಹುಡುಗಿಯೊಬ್ಬಳ ಮೊದಲ ರೆಕಾರ್ಡ್ ಮಾಡಿಸಿದರು. ಬಿಲ್ಲಿ ಹಾಲಿಡೇ. ಬೆಸ್ಸಿ, ಆರ್ಮ್‌ಸ್ಟ್ರಾಂಗ್ ರೆಕಾರ್ಡುಗಳನ್ನು ಕೇಳಿ ಕೇಳಿಯೇ ಬೆಳೆದವಳು.

ನಿರ್ವಾಹಕರು
ಗೌಹರ್ ಜಾನ್ ಬಗ್ಗೆ ಬೇರೆ ಪೋಸ್ಟ್ ಹಾಕಿ. ಇಲ್ಲಿ ಬೆಸ್ಸಿ.

ಅರಮನೆಬೀದಿ
ಹಾಕ್ತೀನಿ ಸಾರ್, ನೀವು ಅದನ್ನೂ ಮುಚ್ಚದಿದ್ದರೆ.

ಮೂರನೇಬೆಂಚು
ವಿಡಿಯೋ ಏನಾದರೂ ಇದೆಯಾ? ಮುಖ ನೋಡದೆ ಹಾಡು ಕೇಳಿ ನಮಗೆ ಅಭ್ಯಾಸ ಇಲ್ಲ.

ಆರುತಂತಿ
ಒಂದೇ ಒಂದು. 1929ರ "ಸೇಂಟ್ ಲೂಯಿಸ್ ಬ್ಲೂಸ್" ಅನ್ನೋ ಕಿರುಚಿತ್ರ, ಹದಿನಾರು ನಿಮಿಷ ಇರಬಹುದು. ಬೆಸ್ಸಿ ಬಾರಿನ ಕಟ್ಟೆಗೆ ಒರಗಿ ಹಾಡುತ್ತಾಳೆ, ಕೈಯಲ್ಲಿ ಬಿಯರ್ ಲೋಟ. ಸುತ್ತ ಕೂತವರು ಚರ್ಚಿನ ಕೋರಸ್ ಥರ ಎತ್ತಿಕೊಳ್ಳುತ್ತಾರೆ. ಕಥೆ ಏನೂ ಇಲ್ಲ, ಕೈಕೊಟ್ಟ ಗಂಡಸು, ಅಳುವ ಹೆಂಗಸು. ಆಕೆ ಹೇಗೆ ನಿಲ್ಲುತ್ತಿದ್ದಳು, ಎಷ್ಟು ಕಡಿಮೆ ಅಲುಗಾಡುತ್ತಿದ್ದಳು ಅಂತ ನೋಡಲು ನಮಗೆ ಉಳಿದಿರುವುದು ಅದೊಂದೇ.

ಸ್ವರಪಂಡಿತ
ಎಲ್ಲ ಸರಿ. ಆದರೆ ಆಕೆ ಕುಡಿತ, ಹೊಡೆದಾಟ, ಗಂಡಸರ ಜೊತೆ ಹೆಂಗಸರ ಜೊತೆ ಸಂಬಂಧ, ಬಾಯಿ ತೆರೆದರೆ ಬೈಗುಳ. ಹಾಡುಗಳಲ್ಲೂ ಪೋಲಿತನ. ಇಂಥವರನ್ನು ಇಷ್ಟು ಮೇಲೆ ಕೂರಿಸಬೇಕಾ?

ಜೋಳದರೊಟ್ಟಿ
ಬಂದರು ನೋಡಿ.

ಗಮಕಪ್ರಿಯೆ
ಇದೇ ಬದುಕು ಗಂಡಸು ಬದುಕಿದ್ದರೆ ದೊಡ್ಡ ರಸಿಕ ಅಂತಿದ್ದಿರಿ. ಆಕೆ ಹಾಡಿದ್ದು ಏನು? ಹೊಡೆಯುವ ಗಂಡ, ಜೈಲು, ಬಡತನ, ಬೇಸರ ಬಂದರೆ ಗಂಟುಮೂಟೆ ಕಟ್ಟಿ ಹೊರಟುಬಿಡುವ ಹೆಂಗಸು. ತನ್ನ ಆಸೆಯನ್ನೂ ಮುಚ್ಚಿಡದೆ ಹಾಡಿದಳು. 1928ರ "ಪೂರ್ ಮ್ಯಾನ್ಸ್ ಬ್ಲೂಸ್" ಕೇಳಿ. ಶ್ರೀಮಂತರನ್ನು ನೇರ ನಿಲ್ಲಿಸಿ, ನಿಮ್ಮ ಯುದ್ಧ ಮಾಡಿದವನು ಬಡವ ತಾನೆ ಅಂತ ಕೇಳುತ್ತಾಳೆ. ಅದು ಆಕೆಯೇ ಬರೆದದ್ದು. ಅಮೆರಿಕದ ಕಪ್ಪು ಚಿಂತಕಿ ಆಂಜೆಲಾ ಡೇವಿಸ್ ಇಂಥ ಹಾಡುಗಳ ಮೇಲೆ 1998ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಕೆಲಸಕ್ಕೆ ಹೋಗುವ ಕಪ್ಪು ಹೆಂಗಸರು ಏನು ಯೋಚಿಸುತ್ತಿದ್ದರು ಅಂತ ಬೇರೆ ಯಾರೂ ಬರೆದಿಡದ ಕಾಲದಲ್ಲಿ ಇವರು ಹಾಡಿಟ್ಟರು ಅಂತ.

ಸ್ವರಪಂಡಿತ
ನನ್ನ ಅಭಿಪ್ರಾಯ ನನ್ನದು.

ಜೋಳದರೊಟ್ಟಿ
ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಸಾರ್, ಭದ್ರವಾಗಿ.

ಪೆನ್ಸಿಲ್ವೇನಿಯಾ_ಅಕ್ಕ
ತಡವಾಗಿ ಬರುತ್ತಿದ್ದೇನೆ. ನಾನಿರುವುದು ಫಿಲಡೆಲ್ಫಿಯಾ ಹತ್ತಿರ. ಆಕೆಯ ಸಮಾಧಿ ಇರುವುದು ಇಲ್ಲೇ ಊರಾಚೆ, ಶರಾನ್ ಹಿಲ್‌ನ ಮೌಂಟ್ ಲಾನ್ ಸ್ಮಶಾನದಲ್ಲಿ. ನೋಡಿ ಬಂದಿದ್ದೇನೆ. ದೊಡ್ಡ ಸ್ಮಾರಕ ಅಂದುಕೊಂಡು ಹೋದರೆ ನಿರಾಸೆ ಆಗುತ್ತೆ. ಸಾಧಾರಣ ಕಲ್ಲು. ಜಗತ್ತಿನ ಅತಿ ಶ್ರೇಷ್ಠ ಬ್ಲೂಸ್ ಗಾಯಕಿ ಹಾಡುವುದನ್ನು ಎಂದೂ ನಿಲ್ಲಿಸುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ.

ಆ ಕಲ್ಲು ಬರುವುದಕ್ಕೆ 33 ವರ್ಷ ಹಿಡಿಯಿತು! 1937ರ ಅಕ್ಟೋಬರ್ 4ರಂದು ಅಂತ್ಯಕ್ರಿಯೆಗೆ ಸುಮಾರು 7,000 ಜನ ಸೇರಿದ್ದರು. ಪೆಟ್ಟಿಗೆ, ಹೂವು, ಮೆರವಣಿಗೆ ಎಲ್ಲ ಆಯಿತು. ಗುಂಡಿಯ ಮೇಲೆ ಹೆಸರು ಮಾತ್ರ ಇಲ್ಲ. ಕಲ್ಲಿಗೆ ಅಂತ ನಡುವೆ ಹಣ ಎತ್ತಿದ್ದೂ ಇದೆ, ಕಲ್ಲು ಏಳಲಿಲ್ಲ. ಬೇರೆಯಾಗಿದ್ದರೂ ಕಾಗದದ ಮೇಲೆ ಗಂಡನಾಗಿಯೇ ಉಳಿದಿದ್ದ ಜ್ಯಾಕ್ ಗೀ ಕಡೆಗೆ ಜನ ಬೆರಳು ತೋರಿಸುತ್ತಾರೆ.

1970ರಲ್ಲಿ ಇಲ್ಲಿನ ಗೃಹಿಣಿಯೊಬ್ಬರು ಪತ್ರಿಕೆಯ ಓದುಗರ ಅಂಕಣಕ್ಕೆ ಬರೆದರು, ಇಷ್ಟು ದೊಡ್ಡ ಗಾಯಕಿಗೆ ಕಲ್ಲು ಯಾಕಿಲ್ಲ ಅಂತ. ಪತ್ರಿಕೆಯವರು ಇಬ್ಬರಿಗೆ ಫೋನ್ ಮಾಡಿದರು. ಇಬ್ಬರೂ ಕೂಡಲೇ ಒಪ್ಪಿ ಖರ್ಚು ಹಂಚಿಕೊಂಡರು. ಒಬ್ಬರು ರಾಕ್ ಗಾಯಕಿ ಜಾನಿಸ್ ಜಾಪ್ಲಿನ್. ಎಲ್ಲರೂ ಇವರ ಹೆಸರು ಮಾತ್ರ ಹೇಳುತ್ತಾರೆ. ಇನ್ನೊಬ್ಬರು ಹ್ವಾನಿಟಾ ಗ್ರೀನ್. ಚಿಕ್ಕವಳಿದ್ದಾಗ ಬೆಸ್ಸಿ ಮನೆಯಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದ ಹುಡುಗಿ. ಅವಳು ಒಂದು ಪ್ರತಿಭಾ ಸ್ಪರ್ಧೆಯಲ್ಲಿ ಹಾಡಿದಾಗ ಬೆಸ್ಸಿ ಕೇಳಿ, ನೀನು ಸ್ಕೂಲಿಗೆ ಹೋಗ್ತಿದ್ದೀಯಾ, ಅಲ್ಲೇ ಇರು, ಹಾಡು ನಿನಗೆ ಬರಲ್ಲ ಅಂದಿದ್ದಳಂತೆ! ಹುಡುಗಿ ಓದಿ ನರ್ಸ್ ಆದಳು, ಮುಂದೆ ಊರಿನಲ್ಲಿ ನಾಲ್ಕು ಜನ ಗುರುತಿಸುವ ಹಾಗೆ ಬೆಳೆದಳು.

ಕಲ್ಲು ಇಟ್ಟಿದ್ದು ಆಗಸ್ಟ್ 7. ಜಾಪ್ಲಿನ್ ತೀರಿಕೊಂಡಿದ್ದು ಅದೇ ವರ್ಷ ಅಕ್ಟೋಬರ್ 4.

ಕಡಲಮೀನು
ಹಾಡು ನಿನಗೆ ಬರಲ್ಲ ಅಂತ ಬೆಸ್ಸಿಯೇ ಹೇಳಿದ ಮೇಲೆ ಯಾವ ರಿಯಾಲಿಟಿ ಶೋ ಜಡ್ಜ್ ಬೇಕು ಮಾರಾಯ್ರೆ.

ತುಂಗಾತೀರದವನು
ಜಾಪ್ಲಿನ್ ಯಾಕೆ? ರಾಕ್ ಹುಡುಗಿಗೂ ಬೆಸ್ಸಿಗೂ ಏನು ಸಂಬಂಧ?

ಆರುತಂತಿ
ಬೆಸ್ಸಿ ರೆಕಾರ್ಡ್ ಕೇಳಿಯೇ ಹಾಡಲು ಕಲಿತೆ ಅಂತ ಆಕೆಯೇ ಹೇಳುತ್ತಿದ್ದಳು. ಆಕೆ ಒಬ್ಬಳೇ ಅಲ್ಲ. ಚರ್ಚಿನ ಹಾಡಿನ ಮಹಾರಾಣಿ ಮಹೇಲಿಯಾ ಜ್ಯಾಕ್ಸನ್ ಚಿಕ್ಕವರಿದ್ದಾಗ ನ್ಯೂ ಆರ್ಲಿಯನ್ಸ್‌ನಲ್ಲಿ ಬೆಸ್ಸಿ ರೆಕಾರ್ಡ್ ಹಾಕಿಕೊಂಡು ಅದೇ ಥರ ಹಾಡಲು ನೋಡುತ್ತಿದ್ದರು. ದೇವರ ಹಾಡಿಗೂ ಬಾರಿನ ಹಾಡಿಗೂ ಗಂಟಲು ಒಂದೇ.

ಸಂಜೆಕಾಫಿ
ನನಗೆ ಇನ್ನೂ ಆಸ್ಪತ್ರೆ ಬಿಡ್ತಿಲ್ಲ. ಆ ಥಾಮಸ್ ಆಸ್ಪತ್ರೆ ಈಗ ಏನಾಗಿದೆ?

ಹಳೇತಟ್ಟೆ
1944ರಲ್ಲಿ ಹೋಟೆಲ್ ಆಯಿತು. ರಿವರ್‌ಸೈಡ್ ಹೋಟೆಲ್. ಕಪ್ಪು ಜನರಿಗೆ ರೂಮು ಸಿಗುತ್ತಿದ್ದ ಜಾಗ, ಹಾಗಾಗಿ ಊರಿಗೆ ಬಂದ ಸಂಗೀತಗಾರರೆಲ್ಲ ಅಲ್ಲೇ ಉಳಿಯುತ್ತಿದ್ದರು. ಐಕ್ ಟರ್ನರ್ ಕೂಡ ಅಲ್ಲಿದ್ದವನೇ.

ಮೂರನೇಬೆಂಚು
ಒಂದು ಕೊನೆ ಡೌಟ್. "ಡೌನ್ ಹಾರ್ಟೆಡ್ ಬ್ಲೂಸ್" ಬೆಸ್ಸಿದೇನಾ, ಬೇರೆ ಯಾರದಾದರೂ ಬರವಣಿಗೆಯಾ?

ರೊಕ್ಕದಲೆಕ್ಕ
ಆಲ್ಬರ್ಟಾ ಹಂಟರ್ ಮತ್ತು ಲವಿ ಆಸ್ಟಿನ್ ಇಬ್ಬರೂ ಸೇರಿ ಕಟ್ಟಿದ್ದು. ಆಲ್ಬರ್ಟಾ ಬೆಸ್ಸಿಗಿಂತ ಮೊದಲೇ ಅದನ್ನು ರೆಕಾರ್ಡ್ ಮಾಡಿದ್ದರು, ಬೆಸ್ಸಿ ಹಾಡಿದ ಮೇಲೆ ಆಲ್ಬರ್ಟಾದು ಯಾರಿಗೂ ನೆನಪಿಲ್ಲ. ಅವರದ್ದೂ ಒಂದು ಕಥೆ. ಹಾಡು ಬಿಟ್ಟು ನ್ಯೂಯಾರ್ಕ್‌ನಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದರು. ಕೆಲಸಕ್ಕೆ ಸೇರುವಾಗ ವಯಸ್ಸು ಕಡಿಮೆ ಹೇಳಿದ್ದರು, ಆಸ್ಪತ್ರೆಯವರು 70 ಅಂದುಕೊಂಡು ನಿವೃತ್ತಿ ಕೊಟ್ಟಾಗ ನಿಜ ವಯಸ್ಸು 82. ಆ ವರ್ಷವೇ, 1977ರಲ್ಲಿ, ಮತ್ತೆ ಸ್ಟೇಜ್ ಹತ್ತಿ 1984ರಲ್ಲಿ ಸಾಯುವವರೆಗೂ ಹಾಡಿದರು.

ಜೋಳದರೊಟ್ಟಿ
82ಕ್ಕೆ! ನಮ್ಮ ಮನೆಯಲ್ಲಿ 60ಕ್ಕೇ ಮೊಣಕಾಲು ಅಂತ ಕೂತುಬಿಡುತ್ತಾರೆ.

ನಿರ್ವಾಹಕರು
ಆಲ್ಬರ್ಟಾ ಹಂಟರ್‌ಗೂ ಬೇರೆ ಪೋಸ್ಟ್.

ಅರಮನೆಬೀದಿ
ಗೌಹರ್ ಜಾನ್ ಪೋಸ್ಟ್ ಹಾಕಿದ್ದೇನೆ, ಬನ್ನಿ ಎಲ್ಲರೂ. ಸ್ವರಪಂಡಿತರೇ, ನೀವು ಮೊದಲು ಓದಿ, ಆಮೇಲೆ ಕಾಮೆಂಟ್ ಹಾಕಿ.